ಕೊಡಗಿನ ಮಳೆಗಾಲಕ್ಕೆ ರೆಸ್ಟ್ರಿಕ್ಟೆಡ್ ದರ್ಜೆಯ ಹ್ಯಾಮ್ ಲೈಸೆನ್ಸ್ ಸಾಕೇ, ಜನರಲ್ ದರ್ಜೆಗೆ ಹೋಗಬೇಕೇ?

ಮಾದಾಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. 2018ರ ಆಗಸ್ಟ್‌ನಲ್ಲಿ ಮಾದಾಪುರದಿಂದ ಮೇಲಿರುವ ನಮ್ಮ ಊರಿನ ರಸ್ತೆ ಎರಡು ಕಡೆ ಕುಸಿಯಿತು, ಕರೆಂಟು ಹೋಯಿತು, ಟವರಿನ ಜನರೇಟರಿಗೆ ಡೀಸೆಲ್ ಮುಗಿದ ಮೇಲೆ ಮೊಬೈಲುಗಳೂ ಸತ್ತವು. ನಾವು ಕ್ಷೇಮವಾಗಿದ್ದೇವೆ ಎಂಬ ಒಂದು ಮಾತನ್ನು ಮೈಸೂರಿನಲ್ಲಿದ್ದ ಮಗಳಿಗೆ ಮುಟ್ಟಿಸಲು ಮೂರು ದಿನ ಹಿಡಿಯಿತು. ಸೆಲ್ ಹಾಕುವ ಹಳೆಯ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿಯ 103.1 ಕೇಳುತ್ತಾ ಕೂತಿದ್ದೆವು. ಹೊರಗಿನ ಸುದ್ದಿ ಒಳಗೆ ಬರುತ್ತಿತ್ತು, ಒಳಗಿನದು ಹೊರಗೆ ಹೋಗುತ್ತಿರಲಿಲ್ಲ.

ಆಗ ಹುಟ್ಟಿದ ಆಸೆ ಈಗ ಕೈಗೂಡಿದೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ, ರೆಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆ ಪಾಸು ಮಾಡಿ, ವಿಯು3 ಎಂದು ಆರಂಭವಾಗುವ ಕಾಲ್‌ಸೈನ್ (ನಿಲ್ದಾಣದ ಗುರುತಿನ ಹೆಸರು) ಪಡೆದಿದ್ದೇನೆ. ಈಗ ಕಾಡುತ್ತಿರುವ ಪ್ರಶ್ನೆಯೆಂದರೆ, ಅರವತ್ತರ ಹತ್ತಿರ ಬಂದಿರುವ ನಾನು ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಕಲಿತು ಜನರಲ್ ದರ್ಜೆಗೆ ಏರುವುದರಿಂದ ಇಲ್ಲಿನ ಮಳೆಗಾಲದಲ್ಲಿ ನಿಜವಾಗಿ ಏನಾದರೂ ಪ್ರಯೋಜನ ಉಂಟೇ? ಹಳೆಯ ಟೆಲಿಗ್ರಾಫ್ ಕಾಯ್ದೆಯ ಬದಲು ಹೊಸದು ಬಂದಿದೆಯಂತಲ್ಲ, ಅದರಿಂದ ಈಗಿನ ಲೈಸೆನ್ಸಿಗೆ ಏನಾಗುತ್ತದೆ? ಹಾಗೆಯೇ ತೋಟದಲ್ಲಿ ರೈಟರ್ (ಆಳುಗಳ ಕೆಲಸ ನೋಡಿಕೊಳ್ಳುವವ) ಜೊತೆ ಮಾತನಾಡಲು ಇದೇ ಸೆಟ್ಟನ್ನು ಬಳಸಬಹುದೇ ಎಂಬುದನ್ನೂ ತಿಳಿದವರು ಹೇಳಬೇಕು. ಸೆಟ್ಟು ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಮಡಿಕೇರಿಯ ಹಳೆಯ ವಿಯು2

ಮೊದಲು ಅಭಿನಂದನೆ. ನಿಮ್ಮ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಉತ್ತರಿಸಬೇಕಾಗುತ್ತದೆ, ಏಕೆಂದರೆ ಈ ದರ್ಜೆಗಳ ಲೆಕ್ಕಾಚಾರ ಕಾಲಕಾಲಕ್ಕೆ ಬದಲಾಗಿದೆ. ಹಳಬರೊಬ್ಬರು ಹೇಳಿದ್ದನ್ನು ಕೇಳಿ ಹೊಸಬರು ಗೊಂದಲಕ್ಕೆ ಬೀಳುವುದನ್ನು ನಾನು ಬಹಳ ಕಂಡಿದ್ದೇನೆ.

ನಮ್ಮ ದೇಶದ ಹವ್ಯಾಸಿ ರೇಡಿಯೋಗೆ ಆಧಾರವಾದ ನಿಯಮಾವಳಿ 1978ರದು. ಅದರಲ್ಲಿ ಅಡ್ವಾನ್ಸ್ಡ್, ಗ್ರೇಡ್ ಒಂದು, ಗ್ರೇಡ್ ಎರಡು, ರೆಸ್ಟ್ರಿಕ್ಟೆಡ್, ಬರೀ ಕೇಳುವವರದು ಎಂದು ದರ್ಜೆಗಳಿದ್ದವು. ಗ್ರೇಡ್ ಎರಡಕ್ಕೆ ನಿಮಿಷಕ್ಕೆ 5 ಪದಗಳ ಮೋರ್ಸ್, ಗ್ರೇಡ್ ಒಂದಕ್ಕೆ 12 ಪದ. ನಾನು ಆ 12 ಪದಗಳ ಕಾಲದವನು. ನಂತರದ ತಿದ್ದುಪಡಿಗಳಲ್ಲಿ ಇವೆಲ್ಲ ಕರಗಿ ಜನರಲ್ ಮತ್ತು ರೆಸ್ಟ್ರಿಕ್ಟೆಡ್ ಎಂಬ ಎರಡೇ ದರ್ಜೆಗಳು ಉಳಿದವು. ಜನರಲ್‌ಗೆ ನಿಮಿಷಕ್ಕೆ 8 ಪದಗಳ ಮೋರ್ಸ್ ಬೇಕು, ರೆಸ್ಟ್ರಿಕ್ಟೆಡ್‌ಗೆ ಬೇಡ. ಲಿಖಿತ ಪರೀಕ್ಷೆಯಲ್ಲಿ ರೇಡಿಯೋ ತತ್ತ್ವ ಒಂದು ಭಾಗ, ನಿಯಮಗಳು ಇನ್ನೊಂದು. ರೆಸ್ಟ್ರಿಕ್ಟೆಡ್ ದರ್ಜೆಯವರು ಪ್ರತಿ ಭಾಗದಲ್ಲೂ ಶೇಕಡಾ 40, ಒಟ್ಟಿನಲ್ಲಿ 50 ಪಡೆಯಬೇಕು. ಜನರಲ್ ದರ್ಜೆಯವರು 50 ಮತ್ತು 55. ಶಾರ್ಟ್‌ವೇವ್‌ನಲ್ಲಿ ಜನರಲ್‌ಗೆ 400 ವಾಟ್, ರೆಸ್ಟ್ರಿಕ್ಟೆಡ್‌ಗೆ 50 ವಾಟ್ ಮಿತಿ. ಕಾಲ್‌ಸೈನ್‌ನಲ್ಲಿ 2 ಇದ್ದರೆ ಜನರಲ್, 3 ಇದ್ದರೆ ರೆಸ್ಟ್ರಿಕ್ಟೆಡ್ ಎಂದು ಕೇಳಿದ ಕೂಡಲೇ ತಿಳಿಯುತ್ತದೆ.

ಇನ್ನು ಹೊಸ ಕಾಯ್ದೆಯ ಮಾತು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ, ಎರಡರ ಜಾಗಕ್ಕೂ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರ ಕಲಮುಗಳು ಒಂದೇ ದಿನ ಜಾರಿಗೆ ಬಂದಿಲ್ಲ; ಕೆಲವು 2024ರ ಜೂನ್ 26ರಂದು, ಕೆಲವು ಜುಲೈ 5ರಂದು, ಹೀಗೆ ಹಂತಹಂತವಾಗಿ ಬರುತ್ತಿವೆ. ಹಳೆಯ ಕಾಯ್ದೆಗಳಡಿ ಕೊಟ್ಟ ಲೈಸೆನ್ಸಿಗೆ ನಿರ್ದಿಷ್ಟ ಅವಧಿ ಇದ್ದರೆ ಅದು ಆ ಅವಧಿಯವರೆಗೆ ಅದೇ ಷರತ್ತುಗಳಲ್ಲಿ ಮುಂದುವರಿಯಬಹುದು, ಅವಧಿ ಇಲ್ಲದಿದ್ದರೆ ಐದು ವರ್ಷ ಎಂದು ಮೂರನೆಯ ಕಲಮಿನಲ್ಲಿದೆ. ನಮ್ಮಲ್ಲಿ ಇಪ್ಪತ್ತು ವರ್ಷದ ಲೈಸೆನ್ಸೂ ಇದೆ, ಎಂಬತ್ತನೆಯ ವಯಸ್ಸಿನವರೆಗಿನ 'ಲೈಫ್‌ಟೈಮ್' ಲೈಸೆನ್ಸೂ ಇದೆ. ಎರಡಕ್ಕೂ ಅವಧಿ ಇದೆ ಎಂದೇ ನಾನು ಓದಿಕೊಳ್ಳುತ್ತೇನೆ. ನಿಮ್ಮ ಲೈಸೆನ್ಸಿನ ಮುದ್ರಿತ ಪ್ರತಿಯೊಂದನ್ನು ಕಡತದಲ್ಲಿ ಭದ್ರವಾಗಿ ಇಟ್ಟುಕೊಳ್ಳಿ, ಅಷ್ಟು ಸಾಕು.

ಗೋಣಿಕೊಪ್ಪದ ಟೀಚರ್

ಹಿರಿಯರು ವಿವರವಾಗಿ ಬರೆದಿದ್ದಾರೆ, ಧನ್ಯವಾದಗಳು. ಆದರೆ ಮೋರ್ಸ್ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನವು ಮೋರ್ಸ್ ಪರೀಕ್ಷೆಯನ್ನು ಆಯಾ ದೇಶಗಳ ಇಷ್ಟಕ್ಕೆ ಬಿಟ್ಟಿತು. ಬ್ರಿಟನ್ ಅದೇ ವರ್ಷ ಕೈಬಿಟ್ಟಿತು, ಅಮೆರಿಕ 2007ರ ಫೆಬ್ರವರಿ 23ರಿಂದ ಕೈಬಿಟ್ಟಿತು. ನಾವು ಮಾತ್ರ ಮೇಲಿನ ದರ್ಜೆಗೆ ಅದನ್ನು ಬಾಗಿಲ ಬಳಿ ಕಾವಲಿಗೆ ನಿಲ್ಲಿಸಿದ್ದೇವೆ.

ನಮ್ಮಲ್ಲಿ 12 ವರ್ಷ ತುಂಬಿದವರು ಲೈಸೆನ್ಸ್ ಪಡೆಯಬಹುದು ಎಂಬುದು ಬಹಳ ಒಳ್ಳೆಯ ನಿಯಮ. ನನ್ನ ಎಂಟನೆಯ ತರಗತಿಯ ಇಬ್ಬರು ಮಕ್ಕಳು ಓಮ್‌ನ ನಿಯಮವನ್ನೂ ಟ್ರಾನ್ಸಿಸ್ಟರಿನ ಕೆಲಸವನ್ನೂ ದೊಡ್ಡವರಿಗಿಂತ ಚೆನ್ನಾಗಿ ಹೇಳುತ್ತಾರೆ. ಅವರನ್ನು 50 ವಾಟ್‌ಗೆ ನಿಲ್ಲಿಸುವುದು ಜ್ಞಾನವಲ್ಲ, ಚುಕ್ಕೆ-ಗೆರೆ ಕೇಳಿ ಬರೆಯುವ ಒಂದು ಅಭ್ಯಾಸ. ನಿಮಿಷಕ್ಕೆ 8 ಪದವೆಂದರೆ ಪದಕ್ಕೆ ಐದಕ್ಷರದ ಲೆಕ್ಕದಲ್ಲಿ ನಿಮಿಷಕ್ಕೆ 40 ಅಕ್ಷರ. ಪರಿಹಾರ ಕೇಂದ್ರದಲ್ಲಿರುವ ಮೂವತ್ತು ಜನರ ಹೆಸರನ್ನು, ತಲಾ ಹನ್ನೆರಡು ಅಕ್ಷರದಂತೆ, ಆ ವೇಗದಲ್ಲಿ ಕಳಿಸಲು ಒಂಬತ್ತು ನಿಮಿಷ ಬೇಕು. ಮಾತಿನಲ್ಲಿ ಓದಿದರೆ ಎರಡು ನಿಮಿಷವೂ ಬೇಡ.

ಭಾಗಮಂಡಲ ವಿಯು3

ಮೋರ್ಸ್ ಬೇಕೇ ಬೇಡವೇ ಎಂಬ ಜಗಳವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬೆಳೆಗಾರರು ಕೇಳಿದ 'ನಿಜವಾದ ಪ್ರಯೋಜನ'ದ ಲೆಕ್ಕ ನೋಡೋಣ. 50 ವಾಟ್‌ನಿಂದ 400 ವಾಟ್‌ಗೆ ಹೋದರೆ ಎಂಟು ಪಟ್ಟು, ಅಂದರೆ 9 ಡೆಸಿಬೆಲ್. ಕೇಳುವವರ ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಮೀಟರಿನಲ್ಲಿ ಒಂದು 'ಎಸ್' ಅಂಕವೆಂದರೆ 6 ಡೆಸಿಬೆಲ್. ಆದ್ದರಿಂದ ಜನರಲ್ ದರ್ಜೆಯ ಪೂರ್ಣ ಶಕ್ತಿಯಿಂದ ಸಿಗುವುದು ಒಂದೂವರೆ ಎಸ್ ಅಂಕ ಮಾತ್ರ, ಮತ್ತು ಕರೆಂಟಿಲ್ಲದ ದಿನ ಆ 400 ವಾಟನ್ನು ಯಾವ ಬ್ಯಾಟರಿ ಹೊರುತ್ತದೆ ಎಂಬುದೂ ಪ್ರಶ್ನೆಯೇ.

ನಾನು ಆರು ಮಳೆಗಾಲ 50 ವಾಟ್‌ನಲ್ಲೇ ಕಳೆದಿದ್ದೇನೆ. ಇಲ್ಲಿನ ತೊಂದರೆ ಶಕ್ತಿಯದ್ದಲ್ಲ, ಗುಡ್ಡದ್ದು. ಕೈಯಲ್ಲಿ ಹಿಡಿಯುವ, 2 ಮೀಟರ್ ಬ್ಯಾಂಡಿನ (ಅಲೆಯ ಉದ್ದ ಸುಮಾರು 2 ಮೀಟರ್) ಸೆಟ್ಟಿನಿಂದ ಭಾಗಮಂಡಲದ ಕೆಳಗಿನಿಂದ ಮಡಿಕೇರಿಗೆ ಮಾತನಾಡಲು ಆಗುವುದಿಲ್ಲ. ಮಧ್ಯದ ಸಾಲುಗುಡ್ಡಗಳು ಆ ಅಲೆಯನ್ನು ಅಲ್ಲೇ ನುಂಗಿಬಿಡುತ್ತವೆ. 40 ಮೀಟರ್ ಬ್ಯಾಂಡಿನಲ್ಲಾದರೆ ಅಲೆಯನ್ನು ನೆಟ್ಟಗೆ ಮೇಲಕ್ಕೆ ಎಸೆಯಬಹುದು. ಅಯಾನುಗೋಳಕ್ಕೆ (ವಾಯುಮಂಡಲದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ) ತಾಗಿ ಅದು ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿನ ಮೇಲೆ ಕೊಡೆ ಬಿಚ್ಚಿದ ಹಾಗೆ ಕೆಳಗಿಳಿಯುತ್ತದೆ. ಗುಡ್ಡ ಅದಕ್ಕೆ ಲೆಕ್ಕವೇ ಇಲ್ಲ. ಮಂಗಳೂರು, ಮೈಸೂರು, ಬೆಂಗಳೂರು, ವಯನಾಡಿನ ಕಲ್ಪೆಟ್ಟ, ಎಲ್ಲವೂ ಆ ಕೊಡೆಯೊಳಗೆ ಬರುತ್ತವೆ.

ಹೀಗೆ ಆಗಬೇಕಾದರೆ ಆಂಟೆನಾ ಎತ್ತರವಾಗಿರಬಾರದು. ಹೊಸಬರು ಇದನ್ನು ನಂಬುವುದಿಲ್ಲ, ಮರದ ತುದಿಗೇ ಕಟ್ಟಲು ಹೋಗುತ್ತಾರೆ. 40 ಮೀಟರ್ ಬ್ಯಾಂಡಿನ 7100 ಕಿಲೋಹರ್ಟ್ಸ್‌ಗೆ ಡೈಪೋಲ್ (ಎರಡು ತೋಳಿನ ಆಂಟೆನಾ) ತಂತಿಯ ಒಟ್ಟು ಉದ್ದ ಸುಮಾರು 20 ಮೀಟರ್, ಎರಡು ಕಡೆಗೂ ಹತ್ತತ್ತು. ನನ್ನದು ಎರಡು ಸಿಲ್ವರ್ ಓಕ್ ಮರಗಳ ನಡುವೆ, ನೆಲದಿಂದ ಐದು ಮೀಟರ್ ಎತ್ತರದಲ್ಲಿ, ಮೆಣಸಿನ ಬಳ್ಳಿಗೆ ಏಣಿ ಹಾಕುವ ಹುಡುಗನೇ ಕಟ್ಟಿಕೊಟ್ಟದ್ದು. ತುದಿಯಲ್ಲಿ ನೈಲಾನ್ ಹಗ್ಗ, ಹಗ್ಗದ ಕೊನೆಯಲ್ಲಿ ಕಲ್ಲು ತುಂಬಿದ ಡಬ್ಬಿ. ಗಾಳಿಗೆ ಮರ ತೂಗಿದರೆ ಡಬ್ಬಿ ಮೇಲೆ ಕೆಳಗೆ ಆಡುತ್ತದೆ, ತಂತಿ ಹರಿಯುವುದಿಲ್ಲ. ಸೆಟ್ಟಿನಿಂದ ಬರುವ ಕೋಆಕ್ಸಿಯಲ್ ಕೇಬಲ್ ತಂತಿಗೆ ಸೇರುವ ಜಾಗಕ್ಕೆ ಸ್ವಯಂ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಪದರವೂ ಬೊಗಸೆಯಾಗಿ ನೀರು ಹಿಡಿಯುತ್ತದೆ. ಮೊದಲ ವರ್ಷ ನಾನು ಹಾಗೆ ಸುತ್ತಿ, ಜುಲೈ ಹೊತ್ತಿಗೆ ಕೇಬಲ್ಲಿನ ಒಳಗಿನ ತಾಮ್ರದ ಹೆಣಿಗೆ ಹಸಿರಾಗಿದ್ದನ್ನು ನೋಡಿದ್ದೇನೆ. ಏಪ್ರಿಲ್ ಮೇ ತಿಂಗಳ ಗುಡುಗಿನ ಕಾಲದಲ್ಲಿ ಮಾತ್ರ ಕೆಲಸ ಮುಗಿದ ಕೂಡಲೇ ಕೇಬಲ್ ಕಳಚಿ ಮನೆಯ ಹೊರಗೇ ಬಿಡಬೇಕು.

ರಾತ್ರಿಯಾದರೆ 40 ಮೀಟರ್ ಬ್ಯಾಂಡಿನ ಅಲೆ ಬಲು ದೂರಕ್ಕೆ ಓಡುತ್ತದೆ, ಹತ್ತಿರದವರು ಕೇಳಿಸುವುದಿಲ್ಲ. ಆಗ 80 ಮೀಟರ್ ಬ್ಯಾಂಡಿಗೆ ಇಳಿಯಬೇಕು, ಅದಕ್ಕೆ ತಂತಿ ಎರಡರಷ್ಟು ಉದ್ದ.

ಕುಶಾಲನಗರದ ರಿಪೇರಿ ಅಂಗಡಿ

ತೋಟದಲ್ಲಿ ಇದೇ ಸೆಟ್ಟು ಬಳಸಬಹುದೇ ಎಂಬ ಬೆಳೆಗಾರರ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಆಗುವುದಿಲ್ಲ. ಹವ್ಯಾಸಿ ಲೈಸೆನ್ಸಿನಲ್ಲಿ ವ್ಯಾಪಾರ ವ್ಯವಹಾರದ ಮಾತಿಗೆ ಅವಕಾಶವಿಲ್ಲ, ಮತ್ತು ನಿಮ್ಮ ರೈಟರ್‌ಗೆ ಲೈಸೆನ್ಸ್ ಇಲ್ಲ. 'ಆಳುಗಳ ಲೈನ್‌ಮನೆ ಹತ್ತಿರ ಆನೆ ಬಂದಿದೆ, ಅವರನ್ನು ಕಳಿಸಬೇಡಿ' ಎಂಬಷ್ಟು ಒಳ್ಳೆಯ ಮಾತಾದರೂ ಅದು ತೋಟದ ದಿನನಿತ್ಯದ ಕೆಲಸವೇ. ಅದಕ್ಕೆ 446 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡದ ಕಡಿಮೆ ಶಕ್ತಿಯ ಸೆಟ್ಟುಗಳಿವೆ. 2018ರಲ್ಲಿ ಆ ತರಂಗಾಂತರದ ಬ್ಯಾಂಡನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದಾರೆ. ಕಣದಿಂದ ಲೈನ್‌ಮನೆಗೆ ಸಾಕು, ಗುಡ್ಡ ದಾಟುವುದಿಲ್ಲ.

ನನ್ನ ಅಂಗಡಿಗೆ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ವಾಕಿಟಾಕಿ ಹಿಡಿದುಕೊಂಡು ಬರುವವರೇ ಹೆಚ್ಚು. 'ಫ್ರೀಕ್ವೆನ್ಸಿ ಓಪನ್ ಮಾಡಿಕೊಡಿ' ಎನ್ನುತ್ತಾರೆ. ನಾನು ಮಾಡಿಕೊಡುವುದಿಲ್ಲ. ಅದೇ ಸೆಟ್ಟಿನ ಬಟನ್ ಒತ್ತಿದರೆ ಪೊಲೀಸರ, ಅರಣ್ಯ ಇಲಾಖೆಯ ಚಾನೆಲ್ ಮೇಲೆ ಹೋಗಿ ಕೂರುವ ಸಾಧ್ಯತೆ ಇರುತ್ತದೆ. 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ಸೆಟ್ಟುಗಳ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದ ಮೇಲೆ ಪರಿಸ್ಥಿತಿ ಬಿಗಿಯಾಗಿದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಆದ್ದರಿಂದ ಗೋಡೆಯ ಮೇಲೆ ಕೋವಿ ನೇತುಹಾಕಿರುವ ಐನ್‌ಮನೆಯವರಿಗೆ (ಕುಲದ ಮೂಲಮನೆಯವರಿಗೆ) 5 ವಾಟಿನ ರೇಡಿಯೋಗೆ ಪರೀಕ್ಷೆ ಬರೆಯಬೇಕು ಎಂದರೆ ನಗುತ್ತಾರೆ. ಕೋವಿಯ ಗುಂಡು ಒಂದು ತೋಟದಲ್ಲಿ ಬೀಳುತ್ತದೆ, ರೇಡಿಯೋದ ಅಲೆ ಮೂರು ರಾಜ್ಯದಲ್ಲಿ ಬೀಳುತ್ತದೆ ಎಂದು ಹೇಳಿ ನೋಡಿದ್ದೇನೆ, ಅರ್ಧ ಜನ ಒಪ್ಪುತ್ತಾರೆ.

ಮಾದಾಪುರದ ಬೆಳೆಗಾರ

ತೋಟದ ವಿಷಯ ತಿಳಿಯಿತು. ಬೇಸರವಾಯಿತು, ಆದರೆ ಕಾರಣ ಸರಿಯಾಗಿದೆ. ಹಾಗಾದರೆ ಒಂದು ಮೂಲಭೂತ ಸಂಶಯ. ನನ್ನ ಸ್ವಂತ ವ್ಯವಹಾರ ಮಾತನಾಡಬಾರದು, ಲೈಸೆನ್ಸ್ ಇಲ್ಲದವರ ಪರವಾಗಿ ಸಂದೇಶ ಕಳಿಸಬಾರದು ಎಂದಾದರೆ, 2018ರಂತಹ ದಿನ ಮತ್ತೆ ಬಂದಾಗ ಪಕ್ಕದ ಮನೆಯ ಅಜ್ಜಿಗೆ ಡಯಾಲಿಸಿಸ್ ಆಗಬೇಕು ಎಂಬ ಸುದ್ದಿಯನ್ನು ನಾನು ಕಳಿಸಬಹುದೋ ಇಲ್ಲವೋ?

ಮಡಿಕೇರಿಯ ಹಳೆಯ ವಿಯು2

ಈ ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ, ದರ್ಜೆಯದ್ದಲ್ಲ. ಮೂರನೆಯವರ ಸಂದೇಶ ಸಾಗಿಸುವುದು ಸಾಮಾನ್ಯ ದಿನಗಳಲ್ಲಿ ನಿಷಿದ್ಧ. ಆದರೆ ಭೂಕಂಪ, ಪ್ರವಾಹ, ಚಂಡಮಾರುತದಂತಹ ಸಂದರ್ಭದಲ್ಲಿ ಮಾಮೂಲಿ ಸಂಪರ್ಕ ಕಡಿದುಹೋದಾಗ, ಜಿಲ್ಲಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕೇಳಿಕೊಂಡರೆ, ಸಂದೇಶ ಸಾಗಿಸಲು ನಿಯಮದಲ್ಲೇ ಅವಕಾಶವಿದೆ. ಇದು ವಿಯು2ಗೆ ಎಷ್ಟೋ ವಿಯು3ಗೂ ಅಷ್ಟೇ. ಅಂದರೆ ಅಜ್ಜಿಯ ಸುದ್ದಿಯನ್ನು ಕಾನೂನುಬದ್ಧವಾಗಿ ಹೊರಡಿಸುವುದು ನಿಮ್ಮ ವಾಟ್‌ಗಳಲ್ಲ, ಮಡಿಕೇರಿಯ ಜಿಲ್ಲಾಧಿಕಾರಿಯ ಒಂದು ಮಾತು. ಆ ಮಾತು ರಸ್ತೆ ಕುಸಿದ ಮೇಲೆ ನಿಮ್ಮನ್ನು ಹೇಗೆ ತಲುಪುತ್ತದೆ? ಆದ್ದರಿಂದ ಅದು ಮೇ ತಿಂಗಳಲ್ಲೇ ಬರವಣಿಗೆಯಲ್ಲಿ ಸಿದ್ಧವಿರಬೇಕು.

2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ನಿಲ್ದಾಣ ನಡೆಸುತ್ತಿದ್ದಾಗಲೇ 26ರಂದು ಸುನಾಮಿ ಬಂತು, ಅಂಡಮಾನ್‌ನ ಸುದ್ದಿ ಹೊರಬರಲು ಅದೇ ನಿಲ್ದಾಣ ಆಸರೆಯಾಯಿತು. ಅವರು ಅಲ್ಲಿ ಇದ್ದದ್ದು ಅನುಮತಿ ಪಡೆದು. ಅನುಮತಿ ಮೊದಲೇ ಕೈಯಲ್ಲಿತ್ತು ಎಂಬುದನ್ನು ಜನ ಮರೆಯುತ್ತಾರೆ. ನಮ್ಮ ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರ ಭೂಕುಸಿತದ ದುರಂತದ ನಂತರವೂ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಡಳಿತದೊಂದಿಗೆ ಸೇರಿಯೇ ಕೆಲಸ ಮಾಡಿದರು.

ಬೆಳೆಗಾರರೇ, ಒಂದು ವಿಷಯ ಕೇಳುವುದನ್ನು ಮರೆತೆ. ನಿಮ್ಮ ಲೈಸೆನ್ಸಿನಲ್ಲಿ ನಿಲ್ದಾಣದ ವಿಳಾಸ ಎಂದು ಯಾವುದನ್ನು ಬರೆದಿದ್ದಾರೆ?

ಮಾದಾಪುರದ ಬೆಳೆಗಾರ

ಅಯ್ಯೋ. ಅರ್ಜಿ ತುಂಬಿದ್ದು ಮಗಳು. ಪತ್ರ ಕಳೆದುಹೋಗಬಾರದೆಂದು ಅವಳ ಮೈಸೂರಿನ ಮನೆಯ ವಿಳಾಸ ಕೊಟ್ಟಿದ್ದಾಳೆ. ಈಗ ತೆಗೆದು ನೋಡಿದೆ, ನಿಲ್ದಾಣದ ವಿಳಾಸವೂ ಅದೇ.

ಮಡಿಕೇರಿಯ ಹಳೆಯ ವಿಯು2

ಹಾಗಾದರೆ ಇಂದಿನ ಸ್ಥಿತಿಯಲ್ಲಿ ನೀವು ಮೈಸೂರಿನಿಂದ ಮಾತನಾಡಬಹುದು, ಮಾದಾಪುರದಿಂದ ಇಲ್ಲ. ಲೈಸೆನ್ಸ್ ವ್ಯಕ್ತಿಗೆ ಸಿಗುತ್ತದೆ, ಆದರೆ ಜಾಗಕ್ಕೂ ಅಂಟಿಕೊಂಡಿರುತ್ತದೆ. ವಿಳಾಸ ಬದಲಾವಣೆಗೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಕೊಡಗಿನ ಮಕ್ಕಳು ಹೊರಗೆ ಇರುವುದರಿಂದ ಇಲ್ಲಿ ಇದು ಆಗಾಗ ಆಗುವ ತಪ್ಪು. ನಾನು ನೋಡಿದ ಇದು ಮೂರನೆಯದು.

ಬೆಂಗಳೂರಿನಲ್ಲಿರುವ ಪೊನ್ನಂಪೇಟೆಯವ

ಹೊರದೇಶಗಳಲ್ಲಿ ಈಚೆಗೆ ಆಗಿರುವುದನ್ನು ಸ್ವಲ್ಪ ಸೇರಿಸುತ್ತೇನೆ. ಬ್ರಿಟನ್‌ನಲ್ಲಿ 2024ರ ಫೆಬ್ರವರಿಯಿಂದ ಆರಂಭಿಕ ದರ್ಜೆಯವರ ಶಕ್ತಿಯನ್ನು 10ರಿಂದ 25 ವಾಟ್‌ಗೆ, ಮಧ್ಯದವರದನ್ನು 50ರಿಂದ 100ಕ್ಕೆ, ಪೂರ್ಣ ದರ್ಜೆಯವರದನ್ನು 400ರಿಂದ 1000ಕ್ಕೆ ಏರಿಸಿದರು. ಅದೇ ತಿಂಗಳು ಆಸ್ಟ್ರೇಲಿಯಾ ಒಬ್ಬೊಬ್ಬರಿಗೂ ಬೇರೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿ ಅರ್ಹತೆ ಪಡೆದ ಎಲ್ಲರಿಗೂ ಒಂದೇ ವರ್ಗ ಲೈಸೆನ್ಸ್ ಮಾಡಿತು. ಜರ್ಮನಿ ಅದೇ ವರ್ಷ ಹೊಸಬರಿಗೆಂದು 'ಎನ್' ದರ್ಜೆ ತೆರೆಯಿತು. ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಶಾರ್ಟ್‌ವೇವ್‌ನ ದತ್ತಾಂಶ ಸಂದೇಶಗಳ ವೇಗದ ಮೇಲಿದ್ದ 300 ಬಾಡ್‌ನ ಹಳೆಯ ಮಿತಿಯನ್ನು ತೆಗೆದು, 2.8 ಕಿಲೋಹರ್ಟ್ಸ್ ಅಗಲದೊಳಗೆ ಹೇಗೆ ಬೇಕಾದರೂ ಕಳಿಸಿ ಎಂದರು.

ನಮಗೆ ಇದರಲ್ಲಿ ಬೇಕಾದದ್ದು ವಾಟ್ ಹೆಚ್ಚಳವಲ್ಲ, ಕೊನೆಯದು. ಟೀಚರ್ ಹೇಳಿದ ಮೂವತ್ತು ಹೆಸರಿನ ಪಟ್ಟಿಯನ್ನು ಮೋರ್ಸ್‌ನಲ್ಲೂ ಬೇಡ, ಮಾತಿನಲ್ಲೂ ಬೇಡ, ಲ್ಯಾಪ್‌ಟಾಪಿನಿಂದ ಅಕ್ಷರ ರೂಪದಲ್ಲೇ ತಪ್ಪಿಲ್ಲದೆ ಕಳಿಸಬಹುದು. ಗುಪ್ತಲಿಪಿ ಬಳಸಬಾರದು ಎಂಬ ಷರತ್ತು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಮಡಿಕೇರಿಯ ಹಳೆಯ ವಿಯು2

ಲ್ಯಾಪ್‌ಟಾಪಿನ ಬ್ಯಾಟರಿ ಮೂರನೆಯ ದಿನ ಏನಾಗಿರುತ್ತದೆ? ಟೀಚರ್‌ಗೂ ಒಂದು ಮಾತು. ಮಾತಿನ ಸಿಗ್ನಲ್ ಸುಮಾರು ಎರಡೂವರೆ ಕಿಲೋಹರ್ಟ್ಸ್ ಅಗಲ, ಮೋರ್ಸ್‌ಗೆ ನೂರೈವತ್ತು ಹರ್ಟ್ಸ್ ಸಾಕು. ಅದೇ ಶಕ್ತಿ ಕಿರಿದಾದ ಜಾಗದಲ್ಲಿ ಬೀಳುವುದರಿಂದ ಗದ್ದಲದ ನಡುವೆ ಮಾತು ಮುಳುಗಿದ ಮೇಲೂ ಅದು ಕೇಳಿಸುತ್ತದೆ. ಗುಡುಗಿನ ಕಟಕಟದಲ್ಲಿ ನಮ್ಮ ಮನೆತನದ ಹೆಸರುಗಳನ್ನು ಮಾತಿನಲ್ಲಿ ಹೇಳಿ ನೋಡಿ. ಅತ್ತ ಕಡೆಯವರು ಮೂರು ಸಲ ಕೇಳುತ್ತಾರೆ, ನಾಲ್ಕನೆಯ ಸಲ ತಪ್ಪಾಗಿ ಬರೆದುಕೊಳ್ಳುತ್ತಾರೆ. ಎರಡು ನಿಮಿಷದ ಲೆಕ್ಕ ತರಗತಿಯೊಳಗಿನದು.

ಗೋಣಿಕೊಪ್ಪದ ಟೀಚರ್

ಮೋರ್ಸ್ ಉಪಯುಕ್ತ ಎಂಬುದನ್ನು ನಾನು ಎಂದೂ ಅಲ್ಲಗಳೆದಿಲ್ಲ, ಸರ್. ಉಪಯುಕ್ತವಾದುದನ್ನು ಕಲಿಸಬೇಕು, ಅದನ್ನು ದರ್ಜೆಯ ಬೀಗದ ಕೈ ಮಾಡಬೇಕೇ ಎಂಬುದಷ್ಟೇ ಪ್ರಶ್ನೆ. ಹೊಸ ಕಾಯ್ದೆಯ ಅಡಿ ಹೊಸ ನಿಯಮಗಳು ಬರೆಯಲ್ಪಡುವ ಈ ಹೊತ್ತಿನಲ್ಲಿ, ಮೋರ್ಸ್ ಬದಲಿಗೆ ಬ್ಯಾಟರಿಯಲ್ಲಿ ನಿಲ್ದಾಣ ಹೂಡಿ ಸಂದೇಶವೊಂದನ್ನು ತಪ್ಪಿಲ್ಲದೆ ಸಾಗಿಸುವ ಪ್ರಾಯೋಗಿಕ ಪರೀಕ್ಷೆ ಇಡಿ ಎಂದು ನಾನು ಬರೆಯುವವಳು. ಆ ಪರೀಕ್ಷೆಯಲ್ಲಿ ಮೋರ್ಸ್ ಬಳಸುವವರು ಬಳಸಲಿ.

ಮಡಿಕೇರಿಯ ಹಳೆಯ ವಿಯು2

ಅದಕ್ಕೆ ನಾನೂ ಸಹಿ ಹಾಕುತ್ತೇನೆ. ನಿಮ್ಮ ಆ ಇಬ್ಬರು ಮಕ್ಕಳನ್ನು ಭಾನುವಾರ ಮನೆಗೆ ಕಳಿಸಿ, ಕೀ ಒತ್ತಲು ಮಾತ್ರ ಕಲಿಸುತ್ತೇನೆ.

ಭಾಗಮಂಡಲ ವಿಯು3

ಜಿಲ್ಲಾಧಿಕಾರಿಗಳಿಗೆ ಕೊಡಬೇಕಾದ ಪತ್ರದ ಕರಡನ್ನು ನಾನು ಬರೆಯುತ್ತೇನೆ. ಅದರಲ್ಲಿ ಇರಬೇಕಾದದ್ದು ತಾಲ್ಲೂಕುವಾರು ಲೈಸೆನ್ಸ್ ಇರುವವರ ಕಾಲ್‌ಸೈನ್, ನಿಲ್ದಾಣದ ವಿಳಾಸ, ಬ್ಯಾಟರಿಯಲ್ಲಿ ಎಷ್ಟು ಗಂಟೆ ನಡೆಯುತ್ತದೆ ಎಂಬ ವಿವರ, ಮತ್ತು ಸಂಪರ್ಕ ಕಡಿದ ಸಂದರ್ಭದಲ್ಲಿ ಸಂದೇಶ ಸಾಗಿಸಲು ತಹಶೀಲ್ದಾರರಿಗೂ ಅಧಿಕಾರ ಕೊಡಬೇಕೆಂಬ ಕೋರಿಕೆ. ಮಡಿಕೇರಿಗೆ ದಾರಿ ಇಲ್ಲದ ದಿನ ತಾಲ್ಲೂಕು ಕೇಂದ್ರಕ್ಕಾದರೂ ಇದ್ದೀತು.

ಮಾದಾಪುರದ ಬೆಳೆಗಾರ

ಪತ್ರಕ್ಕೆ ನನ್ನ ಹೆಸರನ್ನೂ ಸೇರಿಸಿ, ಆದರೆ ವಿಳಾಸದ ಜಾಗ ಸದ್ಯಕ್ಕೆ ಖಾಲಿ ಬಿಡಿ. ಬದಲಾವಣೆಯ ಅರ್ಜಿಯನ್ನು ನಿನ್ನೆ ರಾತ್ರಿ ಹಾಕಿದ್ದೇನೆ. ಈ ಸಲ ನಾನೇ ತುಂಬಿದೆ, ಮಗಳು ಫೋನಿನಲ್ಲಿ ಪಕ್ಕ ಕೂತಂತೆ ಹೇಳಿಕೊಟ್ಟಳು.

ಇವತ್ತು ಬೆಳಿಗ್ಗೆ ತಂತಿ ಅಳೆದು, ಹತ್ತತ್ತು ಮೀಟರ್ ಕತ್ತರಿಸಿ, ಭಾಗಮಂಡಲದವರು ಹೇಳಿದ ಹಾಗೆ ಕಲ್ಲಿನ ಡಬ್ಬಿ ಕಟ್ಟಿ ಎರಡು ಓಕ್ ಮರಗಳ ನಡುವೆ ಎಳೆಸಿದೆ. ಟೇಪನ್ನು ಕೆಳಗಿನಿಂದ ಮೇಲಕ್ಕೇ ಸುತ್ತಿದ್ದೇನೆ. ಹನ್ನೊಂದು ಗಂಟೆಗೆ ಕಾರಿನ ಬ್ಯಾಟರಿಗೆ ಸೆಟ್ಟು ಸೇರಿಸಿದಾಗ ಮಂಗಳೂರಿನವರೊಬ್ಬರು ಹಾಸನದವರೊಂದಿಗೆ ಹಲಸಿನ ಹಣ್ಣಿನ ವಿಷಯ ಮಾತನಾಡುತ್ತಿದ್ದರು, ಪಕ್ಕದ ಕೋಣೆಯಲ್ಲಿ ಕೂತಷ್ಟು ಸ್ಪಷ್ಟವಾಗಿ. ಉತ್ತರ ಕೊಡಲು ಕೈ ತುರಿಸಿತು. ಮೈಕನ್ನು ಕಳಚಿ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ, ವಿಳಾಸ ಬದಲಾಗಿ ಬರುವವರೆಗೆ ಅದು ಅಲ್ಲೇ ಇರುತ್ತದೆ.